ಫಿಟ್ಸ್ ಬಂದಾಗ ಬೀಗದ ಕೈ ಹುಡುಕಬೇಡಿ, ಗಡಿಯಾರ ನೋಡಿ

ಮದುವೆ ಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಯಾರಿಗಾದರೂ ಫಿಟ್ಸ್ ಬಂದರೆ ಸುತ್ತಲಿನವರು ನಾಲ್ಕು ದಿಕ್ಕಿಗೆ ಓಡುತ್ತಾರೆ. ಒಬ್ಬರು ಬೀಗದ ಕೈಗೊಂಚಲು ತಂದು ಮುಷ್ಟಿಯೊಳಗೆ ತುರುಕುತ್ತಾರೆ, ಇನ್ನೊಬ್ಬರು ಈರುಳ್ಳಿ ಜಜ್ಜುತ್ತಾರೆ, ಮತ್ತೊಬ್ಬರು ಕಾಲಿನ ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿಯುತ್ತಾರೆ. ಅಷ್ಟರಲ್ಲಿ ನಡುಕ ನಿಲ್ಲುತ್ತದೆ. ‘ನೋಡಿದ್ರಾ, ಕಬ್ಬಿಣ ಕೈಗೆ ಬಿದ್ದ ತಕ್ಷಣ ಹೇಗೆ ಸುಮ್ಮನಾಯ್ತು’ ಎಂದು ಯಾರೋ ಹೇಳುತ್ತಾರೆ. ನೋಡಿದವರೆಲ್ಲ ಅದನ್ನು ಜೀವಮಾನವಿಡೀ ನಂಬುತ್ತಾರೆ.

ಮೈಯೆಲ್ಲ ಸೆಟೆದು ನಡುಗುವ ಫಿಟ್ಸ್ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಬೀಗದ ಕೈ ಹುಡುಕಿ ತರಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಮೂರ್ಛೆರೋಗದ ಸುತ್ತ ಬೆಳೆದಿರುವ ಬಹಳಷ್ಟು ನಂಬಿಕೆಗಳಿಗೆ ಈ ಹೊತ್ತಿನ ಲೆಕ್ಕವೇ ಬೇರು. ತಾಯತ ಕಟ್ಟಿದ ಮೇಲೆ ಎರಡು ತಿಂಗಳು ಬರಲಿಲ್ಲ ಅನ್ನುತ್ತಾರೆ, ಆದರೆ ಅವರಿಗೆ ಮೊದಲೂ ಎರಡು ಮೂರು ತಿಂಗಳಿಗೊಮ್ಮೆಯೇ ಬರುತ್ತಿತ್ತು. ಮಾತ್ರೆ ಬಿಟ್ಟು ಹತ್ತು ದಿನವಾದರೂ ಏನೂ ಆಗಲಿಲ್ಲವೆಂದರೆ ಕಾಯಿಲೆ ಹೋಯಿತೆಂದೇ ತೀರ್ಮಾನ. ಹಾಗಾಗಿ ಈ ವಿಷಯದಲ್ಲಿ ತಪ್ಪು ತಿದ್ದಬೇಕೆನ್ನುವವರು ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಗಡಿಯಾರ ಮತ್ತು ಕ್ಯಾಲೆಂಡರು. ವಾದ ಆಮೇಲೆ.

ಮೊದಲ ಐದು ನಿಮಿಷ

1. ಸಮಯ ನೋಡಿ, ಗಟ್ಟಿಯಾಗಿ ಹೇಳಿ: ‘ಈಗ ಹತ್ತು ಇಪ್ಪತ್ತು’. ಪಕ್ಕದಲ್ಲಿ ನಿಂತವರಿಗೆ ಒಂದು ನಿಮಿಷ ಹತ್ತು ನಿಮಿಷದಂತೆ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ‘ಅರ್ಧ ಗಂಟೆ ನಡುಗಿದ’ ಎಂದು ತಪ್ಪಾಗಿ ಹೇಳಿದರೆ ಚಿಕಿತ್ಸೆಯ ದಾರಿಯೇ ಬದಲಾಗಬಹುದು.

2. ಜಾಗ ಖಾಲಿ ಮಾಡಿ. ಒಲೆ, ಕುರ್ಚಿಯ ಮೂಲೆ, ಗಾಜು, ಬಿಸಿ ಪಾತ್ರೆ ದೂರ ಸರಿಸಿ. ಬಿದ್ದವರನ್ನು ಎತ್ತಿಕೊಂಡು ಮಂಚಕ್ಕೆ ಹಾಕಲು ಹೋಗಬೇಡಿ. ಬೆಂಕಿ, ನೀರು, ರಸ್ತೆ, ಮೆಟ್ಟಿಲು ಇದ್ದರೆ ಮಾತ್ರ ಎಳೆದು ಬೇರೆಡೆಗೆ ಸರಿಸಬೇಕು.

3. ತಲೆಯ ಕೆಳಗೆ ಮಡಚಿದ ಟವೆಲೋ ಶಾಲೋ ಇಡಿ. ಕನ್ನಡಕ ತೆಗೆಯಿರಿ, ಕತ್ತಿನ ಗುಂಡಿ, ದುಪಟ್ಟಾ, ಟೈ ಸಡಿಲಿಸಿ.

4. ಕೈಕಾಲು ಅದುಮಿ ಹಿಡಿಯಬೇಡಿ. ಹಿಡಿದರೆ ನಡುಕ ಬೇಗ ನಿಲ್ಲುವುದಿಲ್ಲ, ಭುಜದ ಕೀಲು ತಪ್ಪಬಹುದು, ಮೂಳೆಯೂ ಮುರಿಯಬಹುದು.

5. ನಡುಕ ಇಳಿಮುಖವಾದ ಕೂಡಲೇ ಎಡಮಗ್ಗುಲಿಗೆ ತಿರುಗಿಸಿ. ಅವರ ಎಡಗಡೆ ಮಂಡಿಯೂರಿ ಕುಳಿತು, ಎಡಗೈಯನ್ನು ನೇರ ಪಕ್ಕಕ್ಕೆ ಚಾಚಿಸಿ. ಬಲಗೈಯನ್ನು ಎದೆಯ ಮೇಲಿಂದ ತಂದು ಅಂಗೈ ಹಿಂಭಾಗ ಎಡಗೆನ್ನೆಗೆ ತಾಗುವಂತೆ ಇಡಿ. ಬಲಮಂಡಿ ಮಡಚಿ, ಆ ಮಂಡಿಯನ್ನೇ ನಿಮ್ಮ ಕಡೆಗೆ ಎಳೆದರೆ ದೇಹ ತಾನಾಗಿ ಹೊರಳುತ್ತದೆ. ಹೀಗೆ ತಿರುಗಿಸಲು ಎಪ್ಪತ್ತು ಕಿಲೋ ತೂಕದವರಿಗೂ ಒಬ್ಬರ ಬಲ ಸಾಕು. ಬಾಯಿ ನೆಲದ ಕಡೆ ವಾಲಿರಲಿ. ಜೊಲ್ಲು, ನೊರೆ, ವಾಂತಿ ಹೊರಗೆ ಹರಿದುಹೋಗುತ್ತದೆ. ನಡುಕದ ನಡುವೆಯೇ ವಾಂತಿಯಾದರೆ ನಿಲ್ಲುವವರೆಗೆ ಕಾಯದೆ ಆಗಲೇ ತಿರುಗಿಸಿ.

6. ಎಚ್ಚರವಾದ ಮೇಲೂ ಹದಿನೈದು ಇಪ್ಪತ್ತು ನಿಮಿಷ ಜೊತೆಗಿರಿ. ಎದ್ದವರಿಗೆ ಮಂಪರು ಇರುತ್ತದೆ, ಎಲ್ಲಿದ್ದೇನೆಂದು ತಿಳಿಯುವುದಿಲ್ಲ, ಎದ್ದು ಎಲ್ಲಿಗೋ ಹೊರಡಬಹುದು, ಹಿಡಿದರೆ ತಳ್ಳಬಹುದು. ಅದನ್ನು ದೆವ್ವದ ಚೇಷ್ಟೆ ಎಂದುಕೊಳ್ಳುವವರುಂಟು. ದಣಿದ ಮೆದುಳು ಸರಿಹೋಗಲು ತೆಗೆದುಕೊಳ್ಳುವ ಸಮಯ ಅದು. ಹೆಸರು ಕೇಳಿದರೆ ಸ್ಪಷ್ಟವಾಗಿ ಹೇಳುವವರೆಗೆ ನೀರು, ಸೋಡಾ, ಕಾಫಿ ಯಾವುದೂ ಬೇಡ.

ಉಚ್ಚೆ ಹೋಗಿದ್ದರೆ ಒಂದು ಟವೆಲ್ ಹೊದಿಸಿ, ಗುಂಪನ್ನು ಚದುರಿಸಿ. ಈ ಕೆಲಸ ಯಾವ ಪ್ರಥಮ ಚಿಕಿತ್ಸೆಗೂ ಕಡಿಮೆಯದಲ್ಲ. ಕಣ್ಣು ಬಿಟ್ಟಾಗ ಮೂವತ್ತು ಮುಖ ತನ್ನನ್ನೇ ನೋಡುತ್ತಿರುವುದನ್ನು ಕಂಡವರು ಮುಂದೆ ಮನೆಯಿಂದ ಹೊರಬರಲೇ ಹೆದರುತ್ತಾರೆ.

ಬಾಯಿಗೆ ಏನನ್ನೂ ಹಾಕಬೇಡಿ

ನಾಲಿಗೆ ನುಂಗಿಬಿಡುತ್ತಾರೆ ಎಂಬುದು ಜನರ ದೊಡ್ಡ ಭಯ. ನಾಲಿಗೆ ಬಾಯಿಯ ತಳಕ್ಕೆ ಅಂಟಿಕೊಂಡ ಸ್ನಾಯು, ಅದನ್ನು ನುಂಗಲು ಆಗುವುದೇ ಇಲ್ಲ. ಹಲ್ಲಿಗೆ ಸಿಕ್ಕಿ ಅದರ ಅಂಚು ಕಚ್ಚಿಹೋಗುವುದುಂಟು. ಆ ಗಾಯ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಮಾಯುತ್ತದೆ, ಮತ್ತು ದವಡೆ ಬಿಗಿದ ಮೊದಲ ಕ್ಷಣದಲ್ಲೇ ಆಗಿಬಿಟ್ಟಿರುತ್ತದೆ. ನೀವು ಚಮಚ ತರುವಷ್ಟರಲ್ಲಿ ತಡೆಯಲು ಏನೂ ಉಳಿದಿರುವುದಿಲ್ಲ. ಚಮಚ ತುರುಕಿದರೆ ಹಲ್ಲು ಮುರಿದು ಶ್ವಾಸನಾಳಕ್ಕೆ ಜಾರಬಹುದು, ಬೆರಳು ಹಾಕಿದರೆ ಬೆರಳಿಗೇ ಅಪಾಯ. ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದು ಆಮೇಲೆ ನ್ಯುಮೋನಿಯಾ ಆಗಬಹುದು. ಫಿಟ್ಸ್‌ಗಿಂತ ಈ ಉಪಚಾರಗಳಿಂದ ಆಗುವ ಹಾನಿಯೇ ಕೆಲವೊಮ್ಮೆ ಹೆಚ್ಚು.

ಈರುಳ್ಳಿ, ಚಪ್ಪಲಿಯ ವಾಸನೆಗೆ ಫಿಟ್ಸ್ ನಿಲ್ಲಿಸುವ ಶಕ್ತಿಯಿಲ್ಲ. ನೊರೆ ಮುಟ್ಟಿದರೆ ಕಾಯಿಲೆ ಅಂಟುತ್ತದೆಂದು ದೂರ ನಿಲ್ಲುವವರೂ ಇದ್ದಾರೆ. ಆ ನೊರೆ ಬರೀ ಜೊಲ್ಲು.

ಅಜ್ಜಿಗೆ ಒಂದು ಕೆಲಸ ಕೊಡಿ

ಮನೆಯಲ್ಲಿ ಹಿರಿಯರು ಕಬ್ಬಿಣಕ್ಕೆ ಓಡುವುದು ಗಾಬರಿಯಿಂದ. ಏನಾದರೂ ಮಾಡಲೇಬೇಕೆಂಬ ತಳಮಳ ಅವರದು. ‘ಮೂಢನಂಬಿಕೆ’ ಎಂದು ಆ ಹೊತ್ತಿನಲ್ಲಿ ಗದರಿದರೆ ಯಾರಿಗೂ ಪ್ರಯೋಜನವಿಲ್ಲ. ‘ಅಜ್ಜಿ, ನೀವು ಗಡಿಯಾರ ನೋಡ್ತಾ ಇರಿ, ಐದು ನಿಮಿಷ ಆದ್ರೆ ಕೂಗಿ’ ಎನ್ನಿ. ‘ಮಾವ, ಬಾಗಿಲ ಹತ್ರ ಜನ ಬರದ ಹಾಗೆ ನೋಡ್ಕೊಳ್ಳಿ’ ಎನ್ನಿ. ಅಂಗೈಯಲ್ಲಿ ಬೀಗದ ಕೈ ಇಟ್ಟೇ ತೀರುತ್ತೇನೆ ಎಂದು ಹಟ ಹಿಡಿದರೆ ಬಿಡಿ, ಅದರಿಂದ ದೊಡ್ಡ ನಷ್ಟವಿಲ್ಲ. ಬಾಯಿಗೆ ಏನಾದರೂ ಹಾಕಲು, ಕೈಕಾಲು ಅದುಮಲು, ಬರೆ ಹಾಕಲು ಬಂದರೆ ಮಾತ್ರ ತಡೆಯಿರಿ. ಎಲ್ಲದಕ್ಕೂ ಜಗಳವಾಡಿದರೆ ಮುಖ್ಯವಾದದ್ದಕ್ಕೆ ನಿಮ್ಮ ಮಾತು ನಡೆಯುವುದಿಲ್ಲ.

ಮಾತು ನಡೆಯುವುದು ಮಾರನೆಯ ವಾರ. ಕ್ಯಾಲೆಂಡರಿನಲ್ಲಿ ಫಿಟ್ಸ್ ಬಂದ ದಿನಕ್ಕೆಲ್ಲ ಕೆಂಪು ಗುರುತು ಹಾಕಿಡಿ, ಎಷ್ಟು ಹೊತ್ತು ಇತ್ತೆಂದೂ ಬರೆಯಿರಿ. ಅಮಾವಾಸ್ಯೆಗೇ ಬರುತ್ತದೆ ಎನ್ನುವವರ ಮುಂದೆ ಆರು ತಿಂಗಳ ಹಾಳೆ ಹರಡಿ. ಕಬ್ಬಿಣ ಕೊಡದಿದ್ದಾಗಲೂ ಎರಡೇ ನಿಮಿಷಕ್ಕೆ ನಿಂತಿದ್ದನ್ನು ಅವರ ಕಣ್ಣಿಗೇ ಕಾಣಿಸಿ. ದೇವರಿಗೆ ಹರಕೆ ಹೊತ್ತಿದ್ದರೆ ಅದನ್ನು ಕೆದಕುವ ಅಗತ್ಯವಿಲ್ಲ, ಹರಕೆಯೂ ಇರಲಿ ಮಾತ್ರೆಯೂ ಇರಲಿ. ಚರಕ ಸಂಹಿತೆಯೇ ಅಪಸ್ಮಾರವನ್ನು ರೋಗಗಳ ಸಾಲಿನಲ್ಲಿಟ್ಟು ಚಿಕಿತ್ಸೆ ಹೇಳಿದೆ, ಸ್ಮೃತಿ ಕೈಬಿಡುವುದು ಎಂಬುದೇ ಆ ಪದದ ಅರ್ಥ ಎಂದರೆ ಕೆಲವು ಹಿರಿಯರು ನಮ್ಮ ಯಾವ ಅಂಕಿಅಂಶಕ್ಕಿಂತಲೂ ಬೇಗ ಒಪ್ಪುತ್ತಾರೆ.

108ಕ್ಕೆ ಕರೆ ಮಾಡಬೇಕಾದ್ದು

ಐದು ನಿಮಿಷ ದಾಟಿದರೆ ತಡಮಾಡಬೇಡಿ. ಅಲ್ಲಿಂದಾಚೆ ಫಿಟ್ಸ್ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತ ಹೋಗುತ್ತದೆ, ಮೆದುಳಿಗೂ ಹಾನಿ. ಒಂದು ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಜೀವನದಲ್ಲೇ ಮೊದಲ ಸಲವಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ನೀರಿನಲ್ಲಿ ಬಂದಿದ್ದರೆ, ಸಕ್ಕರೆ ಕಾಯಿಲೆಯವರಾಗಿದ್ದರೆ, ನಿಂತ ಮೇಲೂ ಉಸಿರಾಟ ಸರಿಹೋಗದಿದ್ದರೆ ಕಾಯಬೇಡಿ. ಗರ್ಭಿಣಿಗೆ ಅಥವಾ ಹೆರಿಗೆಯಾದ ಹೊಸದರಲ್ಲಿ ಬಂದರೆ ಅದನ್ನು ‘ಗಾಳಿ ಸೋಕಿದ್ದು’ ಎಂದು ಕೂರುವುದು ಪ್ರಾಣಕ್ಕೇ ಮುಳುವು. ರಕ್ತದೊತ್ತಡ ಏರಿ ಬರುವ ಎಕ್ಲಾಂಪ್ಸಿಯಾ ಇರಬಹುದು, ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಬೇಗ ಸಿಗಬೇಕು. ಈ ಮೊದಲು ದೀರ್ಘ ಫಿಟ್ಸ್ ಬಂದಿರುವವರ ಮನೆಯಲ್ಲಿ ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಇಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ. ತೂಕಕ್ಕೆ ತಕ್ಕಂತೆ ಎಷ್ಟು ಸಲ ಒತ್ತಬೇಕೆಂದು ಅವರಿಂದಲೇ ಬರೆಸಿಕೊಂಡು, ಆ ಚೀಟಿಯನ್ನು ಡಬ್ಬಿಗೇ ಅಂಟಿಸಿ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಬೇರೆಯದೇ. ಹಳ್ಳಿಗಳಲ್ಲಿ ಬಾಲಗ್ರಹ ಎಂದು ಹೊಟ್ಟೆಗೆ ಬರೆ ಹಾಕುವುದು ಇನ್ನೂ ಪೂರ್ತಿ ನಿಂತಿಲ್ಲ. ಆ ಮಕ್ಕಳಲ್ಲಿ ಬಹುಪಾಲಿಗೆ ಮುಂದೆ ಮೂರ್ಛೆರೋಗ ಬರುವುದಿಲ್ಲ. ಆದರೆ ಮೊದಲ ಸಲ ಬಂದಾಗ ಮೆದುಳಿನ ಸೋಂಕು ಇಲ್ಲವೆಂದು ವೈದ್ಯರೇ ನೋಡಿ ಹೇಳಬೇಕು.

ನಡುಗದ ಫಿಟ್ಸ್

ಬಿದ್ದು ನಡುಗಿದರೆ ಮಾತ್ರ ಫಿಟ್ಸ್ ಎಂಬ ತಿಳಿವಳಿಕೆಯಿಂದ ಎಷ್ಟೋ ಮಕ್ಕಳು ಏಟು ತಿನ್ನುತ್ತಾರೆ. ತರಗತಿಯಲ್ಲಿ ಓದುತ್ತಿದ್ದ ಹುಡುಗಿ ಹತ್ತು ಸೆಕೆಂಡು ದಿಟ್ಟಿಸಿ ನಿಂತು, ರೆಪ್ಪೆ ಪಟಪಟ ಬಡಿದು, ನಿಲ್ಲಿಸಿದ ಪದದಿಂದಲೇ ಮತ್ತೆ ಓದುತ್ತಾಳೆ. ದಿನಕ್ಕೆ ಹತ್ತಾರು ಸಲ ಹೀಗಾಗಬಹುದು. ಮೇಷ್ಟ್ರು ‘ಗಮನ ಎಲ್ಲಿದೆ’ ಎಂದು ಬೈಯುತ್ತಾರೆ. ದೊಡ್ಡವರಲ್ಲಿ ಹೊಟ್ಟೆಯಿಂದ ಏನೋ ಮೇಲೆದ್ದಂತಾಗಿ, ತುಟಿ ಚಪ್ಪರಿಸುತ್ತ, ಬಟ್ಟೆಯ ಅಂಚು ಹಿಸುಕುತ್ತ, ಕೇಳಿದ್ದಕ್ಕೆ ಸಂಬಂಧವಿಲ್ಲದ ಮಾತಾಡುವ ಬಗೆಯೊಂದಿದೆ. ಅದಕ್ಕೆ ಮೈಮೇಲೆ ಬಂದಿದೆ ಎಂಬ ಹೆಸರು ಬೇಗ ಅಂಟುತ್ತದೆ. ಒಂದೆರಡು ನಿಮಿಷದ ಈ ಘಟನೆ ಪ್ರತಿ ಸಲವೂ ಅಚ್ಚು ಹೊಡೆದಂತೆ ಒಂದೇ ಕ್ರಮದಲ್ಲಿ ಬರುತ್ತದೆ. ಅದೇ ಅದರ ಗುರುತು.

ಹಾಗಾಗಿ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮುಖ, ಎರಡೂ ಕೈ ಕಾಣುವಂತಿರಲಿ. ಕಣ್ಣು ತೆರೆದಿತ್ತೇ, ಕತ್ತು ಯಾವ ಕಡೆ ತಿರುಗಿತು, ಮೊದಲು ನಡುಗಿದ್ದು ಯಾವ ಕೈ ಎಂಬ ಮೂರು ವಿವರ ವೈದ್ಯರಿಗೆ ಎಷ್ಟೋ ಸಲ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತವೆ. ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿ ಸರಿಯಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಆ ಪರೀಕ್ಷೆ ಹಿಡಿಯುವುದು ಯಂತ್ರ ಹಚ್ಚಿದ ಅರ್ಧಗಂಟೆಯ ಮೆದುಳನ್ನು ಮಾತ್ರ. ಚಿತ್ರೀಕರಿಸಿದ್ದನ್ನು ವೈದ್ಯರಿಗೆ ತೋರಿಸಿ, ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಅತ್ತಿತ್ತ ಆಡಿಸುತ್ತ, ಹತ್ತಿಪ್ಪತ್ತು ನಿಮಿಷ ನಿಂತು ನಿಂತು ಬರುವ ನಡುಕ ಇನ್ನೊಂದು ಥರದ್ದು. ಮೆದುಳಿನ ವಿದ್ಯುತ್ ಏರುಪೇರಿಲ್ಲದೆ, ಮನಸ್ಸಿನ ಒತ್ತಡ ದೇಹದ ಮೂಲಕ ಹೊರಬರುವುದು ಹೀಗೂ ಇರುತ್ತದೆ. ‘ನಾಟಕ ಆಡ್ತಾಳೆ’ ಎಂದು ಕೆನ್ನೆಗೆ ಬಾರಿಸುವುದು, ಕಣ್ಣಿಗೆ ಮೆಣಸಿನಪುಡಿ ಹಾಕುತ್ತೇವೆಂದು ಹೆದರಿಸುವುದು ಹಿಂಸೆಯಷ್ಟೇ. ಅವರ ಹಿಡಿತದಲ್ಲಿ ಇಲ್ಲದ ಸಂಗತಿ ಅದು, ಫಿಟ್ಸ್ ಮಾತ್ರೆಯಿಂದ ವಾಸಿಯಾಗದು, ಆಪ್ತಸಮಾಲೋಚನೆಯಿಂದ ಆಗುತ್ತದೆ. ಆದರೆ ಯಾವುದು ಯಾವುದೆಂದು ಮನೆಯವರು ತೀರ್ಮಾನಿಸಬಾರದು, ಒಬ್ಬರಿಗೇ ಎರಡೂ ಇರಬಹುದು.

ಹಂಡೆಯ ಬಿಸಿನೀರು

ನಮ್ಮ ನೆಲಕ್ಕೇ ಹತ್ತಿರವಾದ ಒಂದು ಬಗೆ ಇದೆ. ತಲೆಗೆ ಸುಡುನೀರು ಬಿದ್ದಾಗ ಬರುವ ಫಿಟ್ಸ್ ದಕ್ಷಿಣ ಭಾರತದಲ್ಲಿ, ಅದರಲ್ಲೂ ಮೈಸೂರು, ಬೆಂಗಳೂರು ಸೀಮೆಯಲ್ಲಿ ಹೆಚ್ಚಾಗಿ ಕಂಡಿದೆ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ತಂಡ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಕಾರಣ ನೀರೊಂದೇ ಅಲ್ಲ, ಹೊಯ್ಯುವ ರೀತಿಯೂ ಹೌದು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಹೊಗೆಯಾಡುವ ಹಂಡೆಯ ನೀರನ್ನು ಚೊಂಬಿನಿಂದ ನೆತ್ತಿಗೆ ಒಂದರ ಮೇಲೊಂದು ಸುರಿಯುವುದು ನಮ್ಮ ಅಭ್ಯಂಜನದ ಕ್ರಮ. ಮೈಗೆ ಅದೇ ನೀರು ಹಾಕಿದರೆ ಏನೂ ಆಗದವರಿಗೆ ತಲೆಗೆ ಬಿದ್ದಾಗ ದೃಷ್ಟಿ ಮಂಕಾಗಿ, ಮಾತು ತೊದಲಿ, ಫಿಟ್ಸ್ ಬರುತ್ತದೆ. ಕೆಲವರಿಗೆ ಆ ಕ್ಷಣ ಹಿತವೆನಿಸಿ ಇನ್ನಷ್ಟು ನೀರು ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಮನೆಯವರು ಬಚ್ಚಲ ಭೂತ ಎಂದುಕೊಂಡು ಪೂಜೆಗೆ ಹೊರಡುತ್ತಾರೆ.

ಮಾಡಬೇಕಾದ್ದು ಸರಳ. ನೀರು ಉಗುರುಬೆಚ್ಚಗಿರಲಿ, ಮೊಣಕೈ ಅದ್ದಿದರೆ ಬಿಸಿ ಅನ್ನಿಸಬಾರದು. ಚೊಂಬಿನಿಂದ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಅಥವಾ ಸಣ್ಣ ಧಾರೆಯಲ್ಲಿ ತಲೆ ತೊಳೆಯಿರಿ. ಬಚ್ಚಲಿನ ಬಾಗಿಲಿಗೆ ಅಗಳಿ ಹಾಕಬೇಡಿ, ಸ್ನಾನವಾಗುವವರೆಗೆ ಯಾರಾದರೂ ಮಾತಾಡಿಸುತ್ತಿರಲಿ. ಇಷ್ಟರಲ್ಲೇ ಹಲವರಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ತಲೆಸ್ನಾನದ ದಿನ ಮಾತ್ರ, ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವಿದೆ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಕೆಲವರಿಗೆ ನೀರಿಲ್ಲದಾಗಲೂ ಬರತೊಡಗಿದರೆ ದಿನದ ಮಾತ್ರೆ ಬೇಕಾಗುತ್ತದೆ.

ಹಂದಿ ತಿನ್ನದವರಿಗೂ

ಮೆದುಳಿನಲ್ಲಿ ಲಾಡಿಹುಳುವಿನ ಗೂಡು ಕಟ್ಟಿ ಫಿಟ್ಸ್ ಬರುವುದು ನಮ್ಮ ದೇಶದಲ್ಲಿ ಸಾಮಾನ್ಯ. ಸ್ಕ್ಯಾನಿನಲ್ಲಿ ಅದು ಕಂಡಾಗ ಸಸ್ಯಾಹಾರಿ ಮನೆಗಳಲ್ಲಿ ಅವಮಾನವಾದಂತೆ ಆಗುತ್ತದೆ: ‘ನಮ್ಮ ಹುಡುಗ ಹೊರಗೆ ಏನು ತಿಂದ?’ ಸರಿಯಾಗಿ ಬೇಯದ ಹಂದಿಮಾಂಸ ತಿಂದವರಿಗೆ ಬರುವುದು ಕರುಳಿನ ಹುಳು. ಅವರ ಮಲದಲ್ಲಿ ಹೊರಬಂದ ಮೊಟ್ಟೆ ನೀರು, ಮಣ್ಣು, ಹಸಿ ಸೊಪ್ಪು, ತೊಳೆಯದ ಕೈಯ ಮೂಲಕ ಇನ್ಯಾರದೋ ಹೊಟ್ಟೆ ಸೇರಿದರೆ ಆಗುವುದು ಮೆದುಳಿನ ಗೂಡು. ಹಸಿ ಕೋಸಂಬರಿ ತಿನ್ನುವ ಕಟ್ಟಾ ಸಸ್ಯಾಹಾರಿಗೂ ಬರುತ್ತದೆ. ತಡೆಯಲು ಶೌಚಾಲಯ, ಸಾಬೂನು, ಹರಿಯುವ ನೀರಿನಲ್ಲಿ ತೊಳೆದ ತರಕಾರಿ ಬೇಕು. ಗೂಡು ಕಂಡಿದೆ ಎಂದು ಅಂಗಡಿಯಿಂದ ಜಂತುಹುಳದ ಮಾತ್ರೆ ತಂದು ನುಂಗಬೇಡಿ. ಗೂಡು ಸಾಯುವಾಗ ಮೆದುಳು ಊದಿಕೊಳ್ಳುವುದರಿಂದ ಸ್ಟಿರಾಯ್ಡ್ ಜೊತೆಗೆ, ವೈದ್ಯರ ನಿಗಾದಲ್ಲಿ ಕೊಡುವ ಔಷಧ ಅದು.

ಮಾತ್ರೆಯ ವಿಷಯ

ಸರಿಯಾದ ಪತ್ತೆ ಮತ್ತು ಚಿಕಿತ್ಸೆ ಸಿಕ್ಕರೆ ಮೂರ್ಛೆರೋಗ ಇರುವವರಲ್ಲಿ ಶೇ. 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಾಜೆಪಿನ್‌ನಂತಹ ಹಳೆಯ ಔಷಧಗಳು ದುಬಾರಿಯೂ ಅಲ್ಲ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಕ್ಲಿನಿಕ್ ತೆರೆಯಲಾಗಿದೆ. ಹತ್ತಿರದ್ದು ಯಾವ ದಿನ ನಡೆಯುತ್ತದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಚಿಕಿತ್ಸೆ ಸೋಲುವುದು ಹೆಚ್ಚಾಗಿ ನಮ್ಮ ದಿನಚರಿಯಲ್ಲಿ. ಶಿವರಾತ್ರಿಯ ಜಾಗರಣೆ, ಯಕ್ಷಗಾನದ ಇಡೀ ರಾತ್ರಿ, ಮದುವೆ ಮನೆಯ ಓಡಾಟ: ನಿದ್ದೆಗೆಟ್ಟ ಮರುದಿನ ಬೆಳಿಗ್ಗೆ ಫಿಟ್ಸ್ ಬರುವುದು ತೀರಾ ಸಾಮಾನ್ಯ. ಏಕಾದಶಿಯ ಉಪವಾಸದಂದೂ ಮಾತ್ರೆ ನೀರಿನ ಜೊತೆ ಹೋಗಲೇಬೇಕು. ರಂಜಾನ್ ಉಪವಾಸ ಮಾಡುವವರು ತಿಂಗಳು ಮೊದಲೇ ವೈದ್ಯರ ಬಳಿ ಹೋದರೆ ಸಹರಿ, ಇಫ್ತಾರ್ ಹೊತ್ತಿಗೆ ಹೊಂದುವಂತೆ ಮಾತ್ರೆ ಬದಲಿಸಿಕೊಡಲು ಸಾಧ್ಯವೇ ಎಂದು ನೋಡುತ್ತಾರೆ. ಊರಿಗೆ ಹೋಗುವಾಗ ಒಂದು ವಾರದ್ದು ಹೆಚ್ಚಿಗೆ ಕೊಂಡೊಯ್ಯಿರಿ. ಒಂದು ಹೊತ್ತು ಮರೆತರೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ, ನೀವಾಗಿ ಎರಡನ್ನು ಒಟ್ಟಿಗೆ ನುಂಗಬೇಡಿ. ಹೊಸ ಮಾತ್ರೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಕೆಂಪು ದದ್ದೆದ್ದರೆ, ಬಾಯಿ ಹುಣ್ಣಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮದುವೆ, ಮತ್ತು ಮುಚ್ಚಿಡುವುದು

ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆಗಳಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು ಸಂಸತ್ತು 1999ರಲ್ಲಿ ತೆಗೆದುಹಾಕಿದೆ. ಇದನ್ನು ತಿಳಿಯದ ವಕೀಲರನ್ನೂ ಕಾಣಬಹುದು. ಕಾನೂನು ಬದಲಾದರೂ ಮುಚ್ಚಿಟ್ಟು ಮದುವೆ ಮಾಡುವುದು ನಿಂತಿಲ್ಲ. ಅದರಿಂದ ಆಗುವುದೇನೆಂದರೆ, ಹೊಸ ಸೊಸೆ ಮಾತ್ರೆ ಬಚ್ಚಿಡುತ್ತಾಳೆ, ನೆಂಟರ ನಡುವೆ ನುಂಗಲಾಗದೆ ಬಿಡುತ್ತಾಳೆ, ಮೇಲೆ ನಿದ್ದೆಯಿಲ್ಲದ ರಾತ್ರಿಗಳು. ಮೊದಲ ತಿಂಗಳಲ್ಲೇ ಎಲ್ಲರೆದುರು ಬೀಳುತ್ತಾಳೆ. ಇನ್ನೊಂದು ಅಪಾಯಕಾರಿ ನಂಬಿಕೆ, ‘ಮದುವೆ ಮಾಡಿದ್ರೆ ಸರಿಹೋಗುತ್ತೆ’ ಎಂಬುದು. ಹೋಗುವುದಿಲ್ಲ.

ಹೇಳಬೇಕಾದ್ದು ನಿಶ್ಚಿತಾರ್ಥಕ್ಕೆ ಮೊದಲು, ದಲ್ಲಾಳಿಯ ಮೂಲಕವಲ್ಲದೆ ನೇರವಾಗಿ ಹುಡುಗ ಹುಡುಗಿಯ ನಡುವೆ. ‘ನನಗೆ ಮೂರ್ಛೆರೋಗ ಇದೆ, ಇಂಥ ಮಾತ್ರೆ ತಗೊಳ್ತೀನಿ, ಕೊನೇ ಸಲ ಬಂದಿದ್ದು ಇಂಥ ತಿಂಗಳು, ಬೇಕಿದ್ರೆ ನನ್ನ ಡಾಕ್ಟರ ಹತ್ರ ಒಟ್ಟಿಗೆ ಹೋಗೋಣ’ ಎಂಬಷ್ಟು ಸಾಕು. ಮಕ್ಕಳಿಗೂ ಬರುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಹುಪಾಲು ಮಕ್ಕಳಿಗೆ ಬರುವುದಿಲ್ಲ, ಎದೆಹಾಲನ್ನೂ ಕುಡಿಸಬಹುದು. ಆದರೆ ಬಸುರಿಯಾಗುವ ಯೋಚನೆ ಬಂದಾಗಲೇ, ಅಂದರೆ ತಿಂಗಳುಗಳ ಮೊದಲೇ ವೈದ್ಯರನ್ನು ಕಾಣಬೇಕು. ವಾಲ್ಪ್ರೋಯೇಟ್ ಎಂಬ ಫಿಟ್ಸ್ ಮಾತ್ರೆ ಮಗುವಿನ ಅಂಗಾಂಗಕ್ಕೂ ಬುದ್ಧಿ ಬೆಳವಣಿಗೆಗೂ ತೊಂದರೆ ಮಾಡಬಲ್ಲದು, ಅದನ್ನು ಬದಲಿಸಲು ಸಮಯ ಬೇಕು. ಫೋಲಿಕ್ ಆಸಿಡ್ ಮೊದಲೇ ಶುರುವಾಗಬೇಕು. ಬಸುರಿಯಾದೆನೆಂದು ಗಾಬರಿಯಾಗಿ ಮಾತ್ರೆ ನಿಲ್ಲಿಸಿದರೆ ತಾಯಿಗೂ ಮಗುವಿಗೂ ಅಪಾಯ. ಫೆನಿಟಾಯಿನ್, ಕಾರ್ಬಮಾಜೆಪಿನ್, ಫಿನೋಬಾರ್ಬಿಟೋನ್ ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗಿಸುತ್ತವೆ ಎಂಬುದನ್ನು ಹೇಳುವವರೇ ಕಡಿಮೆ.

‘ಅವನಿಗೆ ಏನೂ ಅನ್ನಬೇಡಿ’

ಸಿಟ್ಟು ಬಂದರೆ ಫಿಟ್ಸ್ ಬರುತ್ತದೆಂದು ಮಗುವಿಗೆ ಯಾವುದಕ್ಕೂ ಇಲ್ಲ ಎನ್ನದೆ ಬೆಳೆಸುವ ಮನೆಗಳಿವೆ. ಶಾಲೆ, ಆಟ, ಪ್ರವಾಸ ಎಲ್ಲ ಬಿಡಿಸಿ ಕೂರಿಸುವ ಮನೆಗಳೂ ಇವೆ. ಎರಡರಲ್ಲೂ ಮಗು ಕಳೆದುಕೊಳ್ಳುವುದು ಫಿಟ್ಸ್ ಕಿತ್ತುಕೊಂಡಿದ್ದಕ್ಕಿಂತ ಹೆಚ್ಚು. ಬೇಡವೆನ್ನಬೇಕಾದ ಪಟ್ಟಿ ಚಿಕ್ಕದು: ಒಬ್ಬರೇ ಕೆರೆ ಬಾವಿಗೆ ಇಳಿಯುವುದು, ಅಡಿಕೆ ತೆಂಗಿನ ಮರ ಹತ್ತುವುದು, ವಾಹನ ಓಡಿಸುವುದು, ನೆಲಮಟ್ಟದ ಸೌದೆ ಒಲೆಯ ಮುಂದೆ ಒಂಟಿಯಾಗಿ ಅಡುಗೆ. ಚಾಲನಾ ಪರವಾನಗಿಯ ಅರ್ಜಿಯಲ್ಲೇ ಮೂರ್ಛೆರೋಗ ಇದೆಯೇ ಎಂಬ ಪ್ರಶ್ನೆಯಿದೆ, ಸುಳ್ಳು ಬರೆದರೆ ರಸ್ತೆಯ ಮೇಲಿನ ಇತರರ ಪ್ರಾಣವೂ ಪಣಕ್ಕೆ. ಉಳಿದ ಕ್ರಿಕೆಟ್, ಕಬಡ್ಡಿ, ಕಾಲೇಜು, ಕೆಲಸ ಎಲ್ಲವೂ ಇರಲಿ.

ಸಿಡುಕು ಹೊಸದಾಗಿ ಶುರುವಾಗಿದ್ದರೆ ಮಾತ್ರೆಯ ಚೀಟಿ ನೋಡಿ. ಲೆವೆಟಿರಾಸೆಟಮ್ ಕೆಲವರಲ್ಲಿ ಸಿಟ್ಟು, ಬೇಸರ ತರುತ್ತದೆ. ‘ಇವನ ಸ್ವಭಾವವೇ ಕೆಟ್ಟುಹೋಯ್ತು’ ಎಂದು ನೊಂದುಕೊಳ್ಳುವ ಬದಲು ಮುಂದಿನ ಭೇಟಿಯಲ್ಲಿ ಹೇಳಿದರೆ ಔಷಧ ಬದಲಿಸುತ್ತಾರೆ. ಮೂರ್ಛೆರೋಗದ ಜೊತೆ ಖಿನ್ನತೆ ಬರುವುದು ಅಪರೂಪವಲ್ಲ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಮಾತಾಡಲು ಯಾರೂ ಇಲ್ಲದ ರಾತ್ರಿ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಫಿಟ್ಸ್ ಬಾರದೆ ಎರಡು ವರ್ಷವಾದಾಗ ಮಾತ್ರೆ ಇಳಿಸಬಹುದೇ ಎಂದು ವೈದ್ಯರನ್ನು ಕೇಳುವುದು ರೂಢಿ. ಎಲ್ಲರಿಗೂ ಆಗುವುದಿಲ್ಲ. ಆಗುತ್ತದೆಂದರೂ ಒಂದೇ ಸಲ ನಿಲ್ಲಿಸದೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಕ್ಯಾಲೆಂಡರಿನ ಆ ಎಲ್ಲ ಹಾಳೆಗಳನ್ನು ಅಂದು ತೆಗೆದುಕೊಂಡು ಹೋಗಿ.